ಸಂದೇಹ ಶೂನ್ಯ

ಮಗುವಿನ ತಲೆಯಲ್ಲಿ ಸಂದೇಹ ಹುಟ್ಟುತ್ತಿದ್ದ ಹಾಗೆಯೇ ಅದನ್ನು ಕಂಡುಹಿಡಿದು ನಿವಾರಿಸಿಬಿಡುವ ಯಂತ್ರವೊಂದಿದ್ದರೆ, ಶಾಲೆಯಲ್ಲಿ ಮೇಷ್ಟ್ರಿಗೆ ಏನು ಕೆಲಸ? ಈ ಪ್ರಶ್ನೆಯನ್ನು ಮೊದಲು ಕೇಳಿದ ಪುಣ್ಯಾತ್ಮ ಯಾರೋ ತಿಳಿಯದು. ಉತ್ತರ ಹುಡುಕಿ ರುಜು ಹಾಕುವ ಕೆಲಸ ಮಾತ್ರ ರಾಮನಗರದ ಕೆಂಪರಾಜುವಿನ ಪಾಲಿಗೆ ಬಂದಿತ್ತು.

ಕೆಂಪರಾಜು ಹದಿನೇಳು ವರ್ಷ ಸರ್ಕಾರಿ ಶಾಲೆಗಳಲ್ಲಿ ಗಣಿತ ಹೇಳಿಕೊಟ್ಟವನು. ಕಳೆದ ಜೂನ್‌ನಿಂದ ಕಲಿಕಾ ನಿಯಂತ್ರಣ ಕೇಂದ್ರದಲ್ಲಿ ವೀಕ್ಷಕ. ಹಳೆಯ ಚಿತ್ರಮಂದಿರವನ್ನು ಕೆಡವಿ ಕಟ್ಟಿದ ಕಟ್ಟಡದ ಎರಡನೇ ಮಹಡಿಯಲ್ಲಿ ಅವನ ಕುರ್ಚಿ. ಎದುರಿಗೆ ಗೋಡೆಯಗಲದ ಪರದೆ, ಪರದೆಯ ಮೇಲೆ ನಲವತ್ತು ಶಾಲೆಗಳು, ಒಂದೊಂದು ಶಾಲೆಯಲ್ಲೂ ತರಗತಿಗಳು, ತರಗತಿಯೊಳಗೆ ಮಕ್ಕಳ ಸಂಖ್ಯೆಯಷ್ಟೇ ಚುಕ್ಕೆಗಳು. ಹಳದಿ ಚುಕ್ಕೆ ಎಂದರೆ ಮಗುವಿಗೆ ಸಂದೇಹ ಬಂದಿದೆ. ಹಸಿರು ಎಂದರೆ ಅರ್ಥವಾಗಿದೆ. ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಈ ಚುಕ್ಕೆಗಳನ್ನು ನೋಡುವುದೇ ಅವನ ನೌಕರಿ. ಸೀಮೆಸುಣ್ಣದ ಧೂಳಿಲ್ಲ, ಗಂಟಲು ಹರಿದುಕೊಳ್ಳುವ ಕಷ್ಟವಿಲ್ಲ ಎಂದು ಮೊದಮೊದಲು ಅವನಿಗೆ ಹಾಯೆನಿಸಿದ್ದು ಸುಳ್ಳಲ್ಲ.

ಯಂತ್ರದ ಹೆಸರು ಬೋಧಿನಿ. ಅದಕ್ಕೆ ಮೈಕೈ ಏನೂ ಇಲ್ಲ. ಪ್ರತಿ ಮಗುವಿನ ಮುಂದೆ ಒಂದು ಹಲಗೆ, ಒಂದು ಕಿವಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗುಂಡಿ, ಅದರಿಂದ ಬರುವ ಒಬ್ಬ ಹೆಂಗಸಿನ ದನಿ, ಅಷ್ಟೇ. ಹಲಗೆಯ ನೆತ್ತಿಯಲ್ಲಿ ಎಳ್ಳಿನಷ್ಟು ಕ್ಯಾಮೆರಾ. ಕಣ್ಣು ಯಾವ ಪದದ ಮೇಲೆ ನಿಂತಿತು, ರೆಪ್ಪೆ ಎಷ್ಟು ಹೊತ್ತಿಗೊಮ್ಮೆ ಬಡಿಯಿತು, ಉತ್ತರ ಮುಟ್ಟುವ ಮೊದಲು ಬೆರಳು ಎಷ್ಟು ತಡೆಯಿತು, ಎಲ್ಲವನ್ನೂ ಅದು ಅಳೆಯುತ್ತದೆ. ಮಗು ಅನುಮಾನದಲ್ಲಿದೆ ಎನಿಸಿದರೆ ಮಾತನ್ನು ಬದಲಿಸುತ್ತದೆ. ಇನ್ನೂ ಸುಲಭದ ಉದಾಹರಣೆ ಕೊಡುತ್ತದೆ, ಅದಕ್ಕೂ ಬಗ್ಗದಿದ್ದರೆ ಮತ್ತಷ್ಟು ಸುಲಭದ್ದು. ಪಕ್ಕದ ಮಗುವಿಗೆ ಏನು ಹೇಳುತ್ತಿದೆ ಎಂಬುದು ಈ ಮಗುವಿಗೆ ಕೇಳಿಸುವುದಿಲ್ಲ. ಮಕ್ಕಳು ಅದನ್ನು 'ಬೋಧಿನಿ ಮಿಸ್' ಎನ್ನುತ್ತಿದ್ದರು. ಅದು ಬೈಯುತ್ತಿರಲಿಲ್ಲ, ಅದಕ್ಕೆ ಬೇಸರ ಬರುತ್ತಿರಲಿಲ್ಲ, ರಜೆಯನ್ನಂತೂ ಹಾಕುತ್ತಲೇ ಇರಲಿಲ್ಲ.

ಪ್ರಯೋಗಕ್ಕೆ ಒಂದು ವರ್ಷದ ಗಡುವು. ವೀಕ್ಷಕರು 'ತರಗತಿಯಲ್ಲಿ ಶಿಕ್ಷಕರ ಅಗತ್ಯ ಕಂಡುಬಂದಿಲ್ಲ' ಎಂಬ ಪ್ರಮಾಣಪತ್ರಕ್ಕೆ ರುಜು ಹಾಕಿದರೆ ಮುಂದಿನ ಜೂನ್‌ನಿಂದ ಇಡೀ ಜಿಲ್ಲೆಗೆ ಬೋಧಿನಿಯೇ ಗತಿ. ಕೆಂಪರಾಜುವಿನ ಹೆಂಡತಿ ಜಯಶೀಲ ಆ ನಲವತ್ತರಲ್ಲಿ ಒಂದು ಶಾಲೆಯ ಟೀಚರು. ಹತ್ತೊಂಬತ್ತು ವರ್ಷ ಪಾಠ ಮಾಡಿದವಳು ಈಗ ತರಗತಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಊಟದ ಗಂಟೆ ಹೊಡೆದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಗುಂಡಿ ಕಳೆದುಕೊಂಡವರಿಗೆ ಬೇರೆ ಗುಂಡಿ ಕೊಡುವುದು ಅವಳಿಗೆ ಉಳಿದ ಕೆಲಸ. ಹಾಗಾಗಿ ಕೆಂಪರಾಜು ಆ ಯಂತ್ರದ ಬಗ್ಗೆ ಒಂದೇ ಒಂದು ಕೊಂಕು ಮಾತಾಡಿದರೂ ಜನ ಏನನ್ನುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆರು ತಿಂಗಳು ಅವನು ಬಾಯಿ ಬಿಡಲಿಲ್ಲ.

ಅವನಿಗೆ ಅನುಮಾನ ಹುಟ್ಟಿದ್ದು ಕಚೇರಿಯಲ್ಲಲ್ಲ, ಮನೆಯಲ್ಲಿ.

ಮಗಳು ಲಾಸ್ಯ ಐದನೇ ತರಗತಿ, ಅಮ್ಮನ ಶಾಲೆಯಲ್ಲೇ. ಬೇರೆ ಟೀಚರುಗಳೆಲ್ಲ ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವಾಗ ಜಯಶೀಲ ಹಟ ಹಿಡಿದು ಮಗಳನ್ನು ತನ್ನ ಶಾಲೆಗೆ ಸೇರಿಸಿದ್ದಳು. ಲಾಸ್ಯ ಮೊದಲಿನಿಂದಲೂ ಪ್ರಶ್ನೆಗಳ ಕಾಟದ ಹುಡುಗಿ. ಇರುವೆಗೆ ನೆರಳು ಇರುತ್ತದೆಯೇ, ಸೊನ್ನೆಯಿಂದ ಭಾಗಿಸಬೇಡ ಎಂದು ಯಾಕೆ ಗದರುತ್ತಾರೆ, ಅಜ್ಜಿ ಯಾಕೆ ಅಜ್ಜನ ಹೆಸರು ಹೇಳುವುದಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಮುದ್ದೆ ಆರಿಹೋಗುವಷ್ಟು ಪ್ರಶ್ನೆ. ಸ್ವಲ್ಪ ಸುಮ್ಮನಿರು ತಾಯಿ ಎಂದು ಕೆಂಪರಾಜು ಎಷ್ಟೋ ಸಲ ಕೈಮುಗಿದಿದ್ದ.

ಈಗ ಅವಳು ಸುಮ್ಮನಾಗಿದ್ದಳು. ಯಾವತ್ತಿನಿಂದ ಎಂದು ಅವನಿಗೆ ನೆನಪಾಗಲಿಲ್ಲ. ಮೊದಲು ಮನೆ ತಣ್ಣಗಾಯಿತೆಂದು ಖುಷಿಪಟ್ಟವನಿಗೆ ಆಮೇಲೆ ಏನೋ ಸರಿಯಿಲ್ಲ ಎನಿಸತೊಡಗಿತು. ಒಂದು ಭಾನುವಾರ ಪರೀಕ್ಷಿಸಿ ನೋಡಿದ. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಎಷ್ಟು ಎಂದ. ಕಾಲು ಎಂದಳು, ತಡವಿಲ್ಲದೆ. ಗುಣಿಸಿದರೆ ಹೆಚ್ಚಾಗಬೇಕಲ್ಲ, ಕಡಿಮೆ ಯಾಕಾಯಿತು ಎಂದು ಕೇಳಿದ. ಲಾಸ್ಯ ಉತ್ತರ ಹುಡುಕಲಿಲ್ಲ, ತಲೆ ಕೆರೆದುಕೊಳ್ಳಲಿಲ್ಲ, ನೀನು ಕೇಳುವುದೇ ತಪ್ಪು ಎಂದು ಜಗಳಕ್ಕೂ ಬರಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಾ ಕಾದಳು. ಅವನೇ ಸೋತು ವಿವರಿಸಿದ. ಅವಳು ಕೈಕಟ್ಟಿ ಕೂತು ಎರಡು ಸಲ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ತಾನು ಎಲ್ಲೋ ನೋಡಿದ್ದೇನೆ ಎಂದು ಅವನಿಗೆ ಅನ್ನಿಸಿತು.

ಸಂಜೆ ಹೆಂಡತಿಯ ಹತ್ತಿರ ಈ ಮಾತು ತೆಗೆದ. ಜಯಶೀಲ ಮಡಚುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟಳು. ಅವಳ ತವರು ರೇಷ್ಮೆ ಹುಳು ಸಾಕುವ ಮನೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಆಗ ಹುಳು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆಯೆತ್ತಿ ಸುಮ್ಮನೆ ನಿಂತಿರುತ್ತದೆ.

"ಹೊಸಬ್ರು ಹೆದರ್ಕೊಂಡು ಸೊಪ್ಪು ಹಾಕಿಬಿಡ್ತಾರೆ ಕಣ್ರೀ. ನಮ್ಮವ್ವ ಕೈ ಮೇಲೆ ಹೊಡೀತಿದ್ಲು. ಒಳಗಡೆ ಹೊಸ ಚರ್ಮ ಕಟ್ತಾ ಇರ್ತದೆ, ಮುಟ್ಟಬ್ಯಾಡಿ ಅನ್ನೋಳು. ಮಕ್ಕಳಿಗೂ ಹಂಗೇ. ಒಂದು ಲೆಕ್ಕ ಬಿಡಿಸಕ್ಕಾಗ್ದೆ ಒದ್ದಾಡ್ತಾ ಕೂತಿದ್ರೆ ನಾನು ನೋಡೂ ನೋಡ್ದಂಗೆ ಇರ್ತಿದ್ದೆ. ನಿಮ್ಮ ಬೋಧಿನಿ ಒಂದು ಗಳಿಗೆ ಒದ್ದಾಡಕ್ಕೆ ಬಿಡಲ್ಲ."

ಕೆಂಪರಾಜು ಅದನ್ನು ಒಪ್ಪಿದ. ಆದರೆ ಹುಳುವಿನ ಕತೆ ಹೇಳಿಕೊಂಡು ಪ್ರಯೋಗ ಪರಿಶೀಲಿಸುವ ಸಮಿತಿಯ ಮುಂದೆ ಹೋದರೆ ನಗುತ್ತಾರೆ. ಅಂಕಿ ಬೇಕು.

ಮರುದಿನ ಅಂಕಿ ತೆಗೆದ. ಜೂನ್ ತಿಂಗಳಲ್ಲಿ ಮಗಳ ತರಗತಿಯ ಮೂವತ್ತೆರಡು ಮಕ್ಕಳು ದಿನಕ್ಕೆ ಸರಾಸರಿ ನಲವತ್ತೊಂದು ಪ್ರಶ್ನೆ ಕೇಳಿದ್ದರು. ಆಗಸ್ಟ್‌ನಲ್ಲಿ ಹನ್ನೆರಡು. ದೀಪಾವಳಿ ಕಳೆದ ಮೇಲೆ ಒಂದೂ ಇಲ್ಲ. ಯಾವ ಶಾಲೆಯನ್ನು ತೆರೆದರೂ ಇದೇ. ಇದನ್ನು ಕೇಂದ್ರದವರು ಮುಚ್ಚಿಟ್ಟಿರಲಿಲ್ಲ, ಬದಲಿಗೆ ಪ್ರಶ್ನೆಯಿಲ್ಲದ ದಿನ ಕಳೆದ ಶಾಲೆಗೆ 'ಸಂದೇಹ ಶೂನ್ಯ' ಎಂದು ಪರದೆಯ ಮೇಲೆ ಒಂದು ನಕ್ಷತ್ರ ಕೊಡುತ್ತಿದ್ದರು.

ಬೋಧಿನಿಯ ಮುಖ್ಯ ಎಂಜಿನಿಯರ್ ವಿನುತಾ ಕಾಮತ್ ಅದೇ ಮಹಡಿಯಲ್ಲಿ ಕೂರುತ್ತಿದ್ದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಕೆಲಸದಲ್ಲಿ ಕಟ್ಟುನಿಟ್ಟು, ಸುಳ್ಳು ಹೇಳುವವಳಲ್ಲ. ಕೆಂಪರಾಜು ಅವಳ ಮೇಜಿನ ಹತ್ತಿರ ಹೋಗಿ, ಮಗುವಿಗೆ ಅರ್ಥವಾಗಿದೆ ಎಂದು ಈ ಯಂತ್ರಕ್ಕೆ ಯಾರು ಹೇಳಿಕೊಟ್ಟರು ಎಂದು ಕೇಳಿದ. ಆರು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ವಿನುತಾ ನಕ್ಕಳು. "ನೀವೇ ಸಾರ್" ಎಂದಳು.

ಅವನಿಗೆ ಆಗ ನೆನಪಾಯಿತು. ಆರು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ರಾಜ್ಯದ ಅರವತ್ತು ಅನುಭವಸ್ಥ ಮೇಷ್ಟ್ರುಗಳನ್ನು ಕೂರಿಸಿ ತರಗತಿಗಳ ವಿಡಿಯೊ ತುಣುಕುಗಳನ್ನು ತೋರಿಸಿದ್ದರು. ಮಗುವಿಗೆ ಅರ್ಥವಾದ ಗಳಿಗೆ ಯಾವುದು ಎನಿಸುತ್ತದೋ ಅಲ್ಲಿ ಗುಂಡಿ ಒತ್ತಬೇಕು. ಸಾವಿರಾರು ತುಣುಕು. ಆ ಅರವತ್ತು ಜನರಲ್ಲಿ ಅವನೂ ಒಬ್ಬ. ವಿನುತಾ ಹಳೆಯ ದಾಖಲೆ ತೆರೆದಳು. ಇಪ್ಪತ್ತಮೂರನೇ ನಂಬರಿನ ಮೇಷ್ಟ್ರು, ಅಂದರೆ ಅವನೇ, ಗುರುತು ಹಾಕಿದ ತುಣುಕುಗಳು ಒಂದರ ಹಿಂದೊಂದು ಓಡಿದವು. ಚುಕ್ಕಿ ಲಂಗದ ಹುಡುಗಿಯೊಬ್ಬಳು ಕೈಕಟ್ಟಿ ಕೂತು ತಲೆಯಾಡಿಸುತ್ತಾಳೆ, ಹಸಿರು. ಹುಡುಗನೊಬ್ಬ ಚಡಪಡಿಸುವುದು ನಿಲ್ಲಿಸಿ ಬೋರ್ಡಿನ ಕಡೆ ಕಣ್ಣು ನೆಟ್ಟು ಕೂರುತ್ತಾನೆ, ಹಸಿರು. ಅರ್ಥ ಆಯ್ತಾ ಎಂದು ಮೇಷ್ಟ್ರು ಕೇಳುತ್ತಾರೆ, ಆಯ್ತು ಸಾರ್ ಎಂದು ಇಡೀ ತರಗತಿ ರಾಗವಾಗಿ ಕೂಗುತ್ತದೆ, ಇಡೀ ತರಗತಿಗೆ ಹಸಿರು.

ಆ ರಾಗ ಎಂಥ ಸುಳ್ಳು ಎಂಬುದು ಕೆಂಪರಾಜುವಿಗೆ ಗೊತ್ತಿರಲಿಲ್ಲವೇ? ಪಾಠ ಮಾಡಿದ ಯಾವ ಮೇಷ್ಟ್ರಿಗೆ ಗೊತ್ತಿಲ್ಲ? ಆಯ್ತು ಸಾರ್ ಎಂದು ಕೂಗಿಸಿದ ಮೇಲೆ ಕೊನೆಯ ಬೆಂಚಿನ ಹತ್ತಿರ ಹೋಗಿ ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದರೆ ಬಂಡವಾಳ ಬಯಲಾಗುತ್ತಿತ್ತು. ಹಾಗೆ ಎಬ್ಬಿಸಿ ನಿಲ್ಲಿಸುವುದನ್ನು ಯಂತ್ರಕ್ಕೆ ಯಾರೂ ಹೇಳಿಕೊಡಲಿಲ್ಲ. ಕೈಕಟ್ಟಿದ ಮಗು ಜಾಣ ಮಗು, ಅಲ್ಲಾಡದ ತರಗತಿ ಒಳ್ಳೆಯ ತರಗತಿ ಎಂಬ ಅಭ್ಯಾಸಬಲದಲ್ಲಿ ಅರವತ್ತು ಮೇಷ್ಟ್ರುಗಳೂ ತಲೆಯಾಡಿಸಿದಲ್ಲೆಲ್ಲ ಗುಂಡಿ ಒತ್ತಿದ್ದರು. ಬೋಧಿನಿ ಅದನ್ನೇ ಕಲಿತಿತ್ತು. ಮಗುವಿಗೆ ಅರ್ಥ ಮಾಡಿಸುವುದನ್ನಲ್ಲ, ಮಗು ತಲೆಯಾಡಿಸುವಂತೆ ಮಾಡುವುದನ್ನು. ಆ ಕೆಲಸದಲ್ಲಿ ಅದು ಯಾವ ಮೇಷ್ಟ್ರಿಗಿಂತಲೂ ಗಟ್ಟಿ. ಪರೀಕ್ಷೆಯ ಪ್ರಶ್ನೆಗಳನ್ನೂ ಅದೇ ತಯಾರಿಸುತ್ತಿದ್ದುದರಿಂದ ಅಂಕಗಳೂ ಚೆನ್ನಾಗಿಯೇ ಬರುತ್ತಿದ್ದವು.

ವಿನುತಾಳಿಗೆ ಇದನ್ನೆಲ್ಲ ಹೇಳಿದ. ಅವಳು ಆ ತುಣುಕುಗಳನ್ನು ಮತ್ತೊಮ್ಮೆ ಓಡಿಸಿ ನೋಡಿದಳು. ಆಮೇಲೆ, ಇದು ನಿಮ್ಮ ಊಹೆ ಸಾರ್, ನಿಮ್ಮ ಮನೆಯವರು ಟೀಚರಾಗಿರುವುದರಿಂದ ಈ ಊಹೆಗೆ ಬೆಲೆ ಇನ್ನೂ ಕಡಿಮೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾಬೀತು ಮಾಡುವ ಒಂದೇ ದಾರಿಯನ್ನು ಅವನು ಮುಂದಿಟ್ಟ. ಬೋಧಿನಿಯ ಬಾಯಲ್ಲಿ ಒಂದು ಶುದ್ಧ ಸುಳ್ಳು ಹೇಳಿಸುವುದು. ಒಂದು ಮಗುವಾದರೂ ಇದು ತಪ್ಪು ಎಂದರೆ ತಾನು ಮರುಮಾತಿಲ್ಲದೆ ರುಜು ಹಾಕುತ್ತೇನೆ ಎಂದ. ಯಾವ ಮಗುವೂ ಹೇಳದಿದ್ದರೆ ಯಂತ್ರವನ್ನು ನಿಲ್ಲಿಸಬೇಕು. ವಿನುತಾ ಎರಡು ದಿನ ಯೋಚಿಸಿ ಒಪ್ಪಿದಳು. ತನ್ನ ಕೈಯಿಂದ ಹುಟ್ಟಿದ್ದರ ಮೇಲೆ ಅವಳಿಗೂ ಅನುಮಾನ ಬಂದಿತ್ತೆಂದು ಕಾಣುತ್ತದೆ.

ಜನವರಿಯ ಒಂದು ಬುಧವಾರ ಈ ಪರೀಕ್ಷೆ ನೋಡಲು ಸಮಿತಿಯವರು ಕೇಂದ್ರಕ್ಕೆ ಬಂದರು. ಐದು ಜನ. ನಾಲ್ವರ ಪರಿಚಯವಾಯಿತು. ಐದನೆಯವರು ಬೂದು ಕೋಟಿನ ಸಣಕಲು ಮನುಷ್ಯ. ಯಾವ ಇಲಾಖೆಯವರು ಎಂದು ಯಾರೂ ಹೇಳಲಿಲ್ಲ, ಅವರೂ ಹೇಳಿಕೊಳ್ಳಲಿಲ್ಲ. ಯಾವ ತರಗತಿ ಎಂದು ಆರಿಸುವ ಹೊತ್ತಿಗೆ ಅಧ್ಯಕ್ಷರು ಮುಗುಳ್ನಗುತ್ತಾ, ವೀಕ್ಷಕರ ಮನೆಯವರ ಶಾಲೆಯಲ್ಲೇ ಆಗಲಿ, ಐದನೇ ತರಗತಿ, ಆಮೇಲೆ ಇವರು ಬೇರೆ ಮಾತು ಆಡುವ ಹಾಗಿರಬಾರದು ಎಂದರು. ಅದು ಲಾಸ್ಯಳ ತರಗತಿ, ಹಿಂದೆ ಕೂರುವವಳು ಜಯಶೀಲ. ಬೇಡ ಎನ್ನಲು ಕೆಂಪರಾಜುವಿಗೆ ಬಾಯಿ ಬರಲಿಲ್ಲ. ಒಳಗೊಳಗೆ ಒಂದು ಆಸೆಯೂ ಇತ್ತು, ನನ್ನ ಮಗಳು ಹೇಳಿಯಾಳು ಎಂದು. ಹೇಳಿಬಿಟ್ಟರೆ ಹೆಂಡತಿಯ ತರಗತಿ ಹೋಗುತ್ತದೆ, ಮಗಳು ಉಳಿಯುತ್ತಾಳೆ. ಆಗಲಿ ಎಂದುಕೊಂಡ.

ಸುಳ್ಳನ್ನು ಅವನೇ ಟೈಪು ಮಾಡಿದ. ಎರಡು ಬೆಸ ಸಂಖ್ಯೆಗಳನ್ನು ಕೂಡಿದರೆ ಬೆಸ ಸಂಖ್ಯೆಯೇ ಬರುತ್ತದೆ. ಬೆರಳು ಮಡಚಿ ಎಣಿಸಿದರೆ ಸಾಕು, ತಪ್ಪು ಗೊತ್ತಾಗುತ್ತದೆ. ಕೊನೆಯ ಪೀರಿಯಡ್ಡಿನಲ್ಲಿ ಸರಿಯಾದದ್ದನ್ನು ಹೇಳಿ ತಿದ್ದಿಬಿಡಬೇಕು ಎಂದು ವಿನುತಾಳೂ ಅವನೂ ಮೊದಲೇ ಮಾತಾಡಿಕೊಂಡಿದ್ದರು.

ಬೋಧಿನಿ ಹೇಳಿತು. ಮೂವತ್ತೆರಡು ಚುಕ್ಕೆಗಳಲ್ಲಿ ಒಂಬತ್ತು ಹಳದಿಯಾದವು. ಕೆಂಪರಾಜು ಕುರ್ಚಿಯ ತುದಿಗೆ ಬಂದ. ಆದರೆ ಒಂದೊಂದೇ ಚುಕ್ಕೆ ಹಸಿರಿಗೆ ತಿರುಗತೊಡಗಿತು. ಕೊನೆಗೆ ಉಳಿದದ್ದು ಎರಡನೇ ಸಾಲಿನ ಒಂದು ಹಳದಿ. ಆ ಚುಕ್ಕೆಯನ್ನು ದೊಡ್ಡದು ಮಾಡಿ ಎಂದರು ಅಧ್ಯಕ್ಷರು. ಪರದೆಯ ತುಂಬ ಲಾಸ್ಯಳ ಮುಖ ಬಂತು. ಅವಳ ಕಣ್ಣು ಹಲಗೆಯ ಮೇಲಿರಲಿಲ್ಲ, ತೊಡೆಯ ಮೇಲಿತ್ತು. ಪಕ್ಕದಲ್ಲೇ ಮೂಡಿದ ತರಗತಿಯ ಕ್ಯಾಮೆರಾ ಚಿತ್ರದಲ್ಲಿ ಅವಳು ಬೆಂಚಿನ ಕೆಳಗೆ ಬೆರಳು ಮಡಚುವುದು ಕಾಣುತ್ತಿತ್ತು. ಒಂದು ಕೈಯಲ್ಲಿ ಮೂರು, ಇನ್ನೊಂದರಲ್ಲಿ ಐದು. ಎಣಿಸು ಮಗಳೇ ಎಂದು ಕೆಂಪರಾಜು ತುಟಿಯಲ್ಲೇ ಅಂದುಕೊಂಡ.

"ಲಾಸ್ಯ, ಇಲ್ಲಿ ನೋಡು ಪುಟ್ಟ" ಎಂದಿತು ಬೋಧಿನಿಯ ದನಿ. "ಉಪ್ಪಿಗೆ ಉಪ್ಪು ಸೇರಿಸಿದರೆ ಏನಾಗುತ್ತದೆ?"

"ಉಪ್ಪು" ಎಂದಳು ಲಾಸ್ಯ.

"ಹಾಗಾದರೆ ಬೆಸಕ್ಕೆ ಬೆಸ ಸೇರಿಸಿದರೆ?"

ಅವಳ ಬೆರಳುಗಳು ನಿಂತವು. ಎರಡು ಕೈಗಳೂ ಮೇಲೆ ಬಂದು ಎದೆಯ ಮೇಲೆ ಕಟ್ಟಿಕೊಂಡವು. ಬೆಸ ಎಂದು ಹೇಳಿ ಎರಡು ಸಲ ತಲೆಯಾಡಿಸಿದಳು. ಹಳದಿಯಿಂದ ಹಸಿರಿಗೆ ಹದಿನಾಲ್ಕು ಸೆಕೆಂಡು. ತರಗತಿಯ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಜಯಶೀಲಳಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಪರದೆಯ ನೆತ್ತಿಯಲ್ಲಿ ನಕ್ಷತ್ರ ಮೂಡಿತು.

ಕೆಂಪರಾಜು ಎದ್ದು ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿದ. ಮಕ್ಕಳು ಕಲಿಯುತ್ತಿಲ್ಲ, ಒಪ್ಪಿಕೊಳ್ಳುವುದನ್ನು ಮಾತ್ರ ಕಲಿಯುತ್ತಿದ್ದಾರೆ. ಈ ತಪ್ಪು ಯಂತ್ರದ್ದಲ್ಲ, ಅದಕ್ಕೆ ಗುರುತು ಹಾಕಿಕೊಟ್ಟ ನಮ್ಮದು, ನನ್ನದು. ಇದನ್ನು ಈಗಲೇ ನಿಲ್ಲಿಸಬೇಕು ಎಂದ. ಅಧ್ಯಕ್ಷರಿಗೆ ಮುಜುಗರವಾಗಿತ್ತು. ಉಳಿದವರು ಮುಖ ಮುಖ ನೋಡಿಕೊಂಡರು. ಇನ್ನೇನು ಗೆದ್ದೆ ಎಂದೇ ಅವನಿಗನಿಸಿತು.

ಆಗ ಬೂದು ಕೋಟಿನವರು ಮೊದಲ ಸಲ ಬಾಯಿ ತೆರೆದರು.

"ಯಾವ ಪಾಠ ಬೇಕಾದರೂ ಹೀಗೆ ಹಾಕಬಹುದೇ?"

ಹಾಕಬಹುದು ಎಂದಳು ವಿನುತಾ, ಪ್ರಶ್ನೆಯ ಹಿಂದಿನ ಪ್ರಶ್ನೆ ಅವಳಿಗಿನ್ನೂ ಹೊಳೆದಿರಲಿಲ್ಲ.

"ದೊಡ್ಡವರಿಗೂ?"

ಈಗ ಹೊಳೆದು ವಿನುತಾ ಕೆಂಪರಾಜುವಿನ ಕಡೆ ತಿರುಗಿದಳು. ಬೂದು ಕೋಟಿನವರು ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡು ಅಧ್ಯಕ್ಷರ ಕಿವಿಯಲ್ಲಿ ಎರಡು ಮಾತು ಆಡಿದರು. ಅಧ್ಯಕ್ಷರ ಮುಜುಗರ ಅಲ್ಲಿಗೇ ಮಾಯವಾಯಿತು. ಪ್ರಯೋಗ ನಿರೀಕ್ಷೆಗೆ ಮೀರಿ ಯಶಸ್ವಿಯಾಗಿದೆ ಎಂದು ಸಮಿತಿ ಭಾವಿಸುತ್ತದೆ ಎಂದರು. ಇವತ್ತಿನ ದಾಖಲೆಯನ್ನು ಇದ್ದ ಹಾಗೆಯೇ ಇಡಬೇಕು, ಯಾರೂ ಏನನ್ನೂ ತಿದ್ದಕೂಡದು ಎಂದು ಅಪ್ಪಣೆಯಾಯಿತು. ಕೆಂಪರಾಜು ಪ್ರಮಾಣಪತ್ರಕ್ಕೆ ರುಜು ಹಾಕಲಿಲ್ಲ. ಚಿಂತೆಯಿಲ್ಲ, ಬೇರೆ ವೀಕ್ಷಕರಿದ್ದಾರಲ್ಲ ಎಂದು ಅಧ್ಯಕ್ಷರು ಸಮಾಧಾನವಾಗಿ ಹೇಳಿದರು. ಕೊನೆಯ ಪೀರಿಯಡ್ಡಿನ ತಿದ್ದುಪಡಿ ಹೋಗಲೇ ಇಲ್ಲ. ಮೂವತ್ತೆರಡು ಮಕ್ಕಳು ಆ ಸುಳ್ಳನ್ನು ತಲೆಯಲ್ಲಿಟ್ಟುಕೊಂಡು ಮನೆಗೆ ಹೋದರು.

ಅವನು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಜಯಶೀಲ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು, ಲಾಸ್ಯ ಸಿಪ್ಪೆ ಬೇರೆ ಮಾಡುತ್ತಿದ್ದಳು. ಕೆಂಪರಾಜು ಚಪ್ಪಲಿ ಬಿಟ್ಟವನೇ ಹೆಂಡತಿಯನ್ನು ಒಳಗೆ ಕರೆದು ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದ. ಅವಳು ಅವನನ್ನು ನೋಡಿದ ರೀತಿಗೆ ಬೈದಿದ್ದರೇ ಮೇಲಿತ್ತು.

"ನನ್ನ ಕ್ಲಾಸಲ್ಲಿ, ನನ್ನೆದುರಿಗೆ, ನನ್ನ ಮಗೀಗೆ ಸುಳ್ಳು ಹೇಳಿಸಿದ್ರಾ?" ಎಂದಳು. ನಾಳೆ ಹೇಗಾದರೂ ಮಾಡಿ ವಿನುತಾ ಸರಿಯಾದದ್ದನ್ನು ಕಳಿಸುತ್ತಾಳೆ ಎಂದ ಅವನು. "ನಾಳೆ ಸರಿಯಾದ್ದು ಹೇಳಿದ್ರೆ ಅದಕ್ಕೂ ಹಸಿರೇ ಬರ್ತದೆ, ಬಿಡಿ" ಎಂದು ಹೊರಬಂದು ಮತ್ತೆ ಕಾಯಿ ಬಿಡಿಸತೊಡಗಿದಳು.

ಕೆಂಪರಾಜು ಮಗಳ ಪಕ್ಕದಲ್ಲಿ ಕೂತ. ಮೊರದಿಂದ ಮೂರು ಅವರೆಕಾಳು ಒಂದು ಕಡೆ, ಐದು ಕಾಳು ಇನ್ನೊಂದು ಕಡೆ ಇಟ್ಟ. ಎರಡನ್ನೂ ಸೇರಿಸಿ ಜೋಡಿ ಜೋಡಿ ಮಾಡು ಎಂದ. ಲಾಸ್ಯ ಮಾಡಿದಳು. ನಾಲ್ಕು ಜೋಡಿ. ಒಂದು ಕಾಳೂ ಉಳಿಯಲಿಲ್ಲ.

ಬೆಸವೋ ಸಮವೋ ಎಂದು ಕೇಳಿದ. ಬೆಸ ಎಂದಳು ಲಾಸ್ಯ. ಆಮೇಲೆ ಜೋಡಿಗಳನ್ನು ನೋಡಿದಳು. ಆಮೇಲೆ ಅಪ್ಪನ ಮುಖ ನೋಡುತ್ತಾ ಕಾದಳು, ಇದನ್ನು ಇನ್ನೂ ಸುಲಭ ಮಾಡಿಕೊಡುತ್ತಾರೆ ಎಂಬ ನಂಬಿಕೆಯಲ್ಲಿ. ಕೆಂಪರಾಜು ಬಾಯಿ ತೆರೆದ. ಜಯಶೀಲ ಅವನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದು ಬೇಡ ಎಂದು ಕಣ್ಣಿನಲ್ಲೇ ಹೇಳಿದಳು.

ಲಾಸ್ಯ ಕಾಳುಗಳನ್ನು ಬೇರೆ ಮಾಡಿ ಮತ್ತೆ ಜೋಡಿಸಿದಳು. ಮತ್ತೊಮ್ಮೆ ಮಾಡಿದಳು. ಅವಳ ಮುಖ ಕೆಂಪಾಯಿತು, ಕೆಳತುಟಿ ನಡುಗಿತು, ಕಣ್ಣಲ್ಲಿ ನೀರು ತುಂಬಿತು. ಹತ್ತು ವರ್ಷದ ಮಗು ಹಾಗೆ ಒದ್ದಾಡುವುದನ್ನು ನೋಡಿಕೊಂಡು ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂಬುದು ಅವನಿಗೆ ಮರೆತೇ ಹೋಗಿತ್ತು. ಎಳೆದು ತಬ್ಬಿಕೊಳ್ಳಬೇಕು ಎನಿಸಿತು. ಹೆಂಡತಿಯ ಹಿಡಿತ ಸಡಿಲವಾಗಲಿಲ್ಲ. ಐದಾರು ನಿಮಿಷವೇ ಆಗಿರಬೇಕು. ಲಾಸ್ಯ ಏಳು ಕಾಳಿಗೆ ಒಂಬತ್ತು ಸೇರಿಸಿ ಜೋಡಿಸಿದಳು. ಒಂದಕ್ಕೆ ಒಂದು ಸೇರಿಸಿದಳು. ಆ ಎರಡು ಕಾಳುಗಳನ್ನು ಬಹಳ ಹೊತ್ತು ನೋಡುತ್ತಾ ಕೂತಳು.

"ಬೋಧಿನಿ ಮಿಸ್ ತಪ್ಪು ಹೇಳಿದ್ರಾ ಅಪ್ಪ?" ಎಂದಳು.

ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಪ್ರಶ್ನೆ. ಕೆಂಪರಾಜುವಿಗೆ ಕಣ್ಣು ಮಂಜಾಯಿತು. ಹೌದು ಕಣಮ್ಮ, ತಪ್ಪು ಹೇಳಿದರು ಎಂದ.

"ಅವರಿಗೆ ಆ ತಪ್ಪು ಹೇಳ್ಕೊಟ್ಟಿದ್ದು ಯಾರು?"

ಎರಡನೆಯ ಪ್ರಶ್ನೆ ಹೀಗೆ ಬರುತ್ತದೆಂದು ಅವನು ಎಣಿಸಿರಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಮತ್ತೆ ಕಾಯಿ ಬಿಡಿಸತೊಡಗಿದ್ದಳು, ಸಹಾಯಕ್ಕೆ ಬರಲಿಲ್ಲ.

"ನಾನು" ಎಂದ.

ಯಾಕೆ ಎಂದಳು. ತನಗೆ ತಿಳಿದ ಹಾಗೆ ವಿವರಿಸಿದ. ನೀನು ತಪ್ಪು ಎಂದು ಹೇಳುತ್ತೀಯಾ ಎಂದು ನೋಡಬೇಕಾಗಿತ್ತು ಎಂದ. ಲಾಸ್ಯ ಕೇಳಿಸಿಕೊಂಡಳು. ಕೈಕಟ್ಟಲಿಲ್ಲ, ತಲೆಯಾಡಿಸಲಿಲ್ಲ.

"ಬೇರೇವ್ರೂ ಹಿಂಗೆ ತಪ್ಪು ಹಾಕಿರ್ತಾರಾ ಅದ್ರಲ್ಲಿ?"

ಬೂದು ಕೋಟಿನವರ ಪುಟ್ಟ ಪುಸ್ತಕ ಅವನ ಕಣ್ಣಮುಂದೆ ಬಂತು.

"ಗೊತ್ತಿಲ್ಲ" ಎಂದ.

ಲಾಸ್ಯ ಎದ್ದು ಒಳಗೆ ಹೋದಳು. ಜೂನ್‌ನಿಂದ ಬರೆದಿಟ್ಟ ನೋಟ್ಸ್ ಪುಸ್ತಕಗಳನ್ನು, ಗಣಿತದ್ದು ವಿಜ್ಞಾನದ್ದು ಸಮಾಜದ್ದು ಎಲ್ಲವನ್ನೂ ಎದೆಗವುಚಿಕೊಂಡು ತಂದು ಮೊರದ ಪಕ್ಕದಲ್ಲಿ ಸುರಿದಳು. ಮೊದಲ ಪುಟದಿಂದ ಎಲ್ಲ ಸರಿಯಿದೆಯೋ ಇಲ್ಲವೋ ನೋಡಬೇಕು ಎಂದಳು. ಕೆಂಪರಾಜು ಹಿಗ್ಗಿಹೋದ. ಬಾ, ಇಬ್ಬರೂ ಕೂತು ನೋಡೋಣ ಎಂದು ಮೇಲಿನ ಪುಸ್ತಕಕ್ಕೆ ಕೈಹಾಕಿದ.

ಲಾಸ್ಯ ಆ ಪುಸ್ತಕವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ನೀನು ಬೇಡ ಅಪ್ಪ. ಅಮ್ಮ ನೋಡ್ಲಿ."